ನಂದಿಯ ಬೆನ್ನಿಗೆ ಬೀಳುತ್ತಿದ್ದ ನೀರು: ಮಲೆನಾಡಿನ ಒಂದು ಹಳೇ ಗುಡಿಯ ಪ್ರಕರಣ

ಆರಿದ್ರಾ ಮಳೆ ಹಿಡಿದ ನಾಲ್ಕನೇ ದಿನಕ್ಕೆ ನಮ್ಮೂರ ಈಶ್ವರನ ಗುಡಿಯಲ್ಲಿ ನಂದಿಯ ಬೆನ್ನಿಗೆ ನೀರು ತೊಟ್ಟಿಕ್ಕಲು ಶುರುವಾಗುತ್ತಿತ್ತು. ಮಳೆ ಹೊಳವಾಗಿ ಬಿಸಿಲು ಬಂದ ಮೇಲೂ ಮೂರು ದಿನ ನಿಲ್ಲುತ್ತಿರಲಿಲ್ಲ. ಭಟ್ಟರು ನಂದಿಗೆ ಪ್ಲಾಸ್ಟಿಕ್ ಹೊದಿಸಿ, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಪೂಜೆ ಮಾಡುತ್ತಿದ್ದರು. ನಾಲ್ಕು ದಿನ ತಡವಾಗಿ ಶುರು, ಮೂರು ದಿನ ತಡವಾಗಿ ನಿಲ್ಲುವುದು. ಇಡೀ ರೋಗದ ಗುಟ್ಟು ಇದರಲ್ಲೇ ಇತ್ತು. ಅದು ನಮಗೆ ಹೊಳೆಯಲು ಎರಡು ಮಳೆಗಾಲ ಬೇಕಾಯಿತು.

ನಮ್ಮೂರು ಸಾಗರ ಸೊರಬದ ನಡುವೆ ರಸ್ತೆಯಿಂದ ಒಳಗೆ ಸರಿದಿರುವ ಸಣ್ಣ ಊರು. ಹೆಸರು ಬೇಡ. ಇಂಥ ಗುಡಿ ಈ ಸೀಮೆಯಲ್ಲಿ ಎಷ್ಟೋ ಊರುಗಳಲ್ಲಿ ಇದೆ. ಇದೇ ತೊಂದರೆಯೂ ಇದೆ. ನಾನು ಸಿವಿಲ್ ಡಿಪ್ಲೊಮಾ ಓದಿ ಶಿವಮೊಗ್ಗದಲ್ಲಿ ಮನೆ ಕಟ್ಟಿಸುವ ಕೆಲಸದಲ್ಲಿರುವವನು. ನಮ್ಮ ದೊಡ್ಡಪ್ಪ ಗುಡಿ ಸಮಿತಿಯ ಅಧ್ಯಕ್ಷರು. ಒಂದು ದಿನ ಫೋನ್ ಮಾಡಿ, "ತಮಾ, ಮೇಲೆ ಇನ್ನೊಂದು ಕೋಟ್ ಸಿಮೆಂಟ್ ಹಾಕ್ಸಿಬಿಡಣ. ಒಂದು ಎಸ್ಟಿಮೇಟ್ ಮಾಡ್ಕೊಡು" ಅಂದರು. ನಾನು ಎರಡನೇ ಮಾತಿಲ್ಲದೆ ಒಪ್ಪಿಕೊಂಡೆ. ಮನೆಯ ತಾರಸಿ ಸೋರಿದರೆ ನಾವು ಮಾಡುವುದೇ ಅದು ಅಲ್ವಾ?

ಗುಡಿ ಹೇಗಿದೆ

ಗುಡಿ ದೊಡ್ಡದಲ್ಲ. ಪೂರ್ವಕ್ಕೆ ಮುಖ. ಗರ್ಭಗುಡಿ, ಅದರ ಮುಂದೆ ಸುಕನಾಸಿ ಅನ್ನುವ ಸಣ್ಣ ಕೋಣೆ, ಆಮೇಲೆ ನವರಂಗ ಅನ್ನುವ ನಾಲ್ಕು ಕಂಬದ ಹಜಾರ, ಹೊರಗೆ ಒಂದು ಮುಖಮಂಟಪ. ಮಂಟಪದ ಎರಡೂ ಬದಿಗೆ ಒರಗಿ ಕೂರುವ ಕಲ್ಲಿನ ಕಕ್ಷಾಸನ. ಊರ ಹುಡುಗರೆಲ್ಲ ಅದರ ಮೇಲೆ ಕೂತೇ ದೊಡ್ಡವರಾದದ್ದು. ಗರ್ಭಗುಡಿಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರ. ಇದನ್ನು ಕದಂಬ ಶೈಲಿ ಅನ್ನುತ್ತಾರೆ. ಕಲ್ಲು ಪೂರ್ತಿ ಬಳಪದ ಕಲ್ಲು.

ಈ ಕಲ್ಲಿನ ಗುಣ ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ನೆಲದಿಂದ ತೆಗೆದಾಗ ಅದು ಮೆತ್ತಗೆ ಇರುತ್ತದೆ. ಗಾಳಿ ಬಿಸಿಲಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳೂ ಅವರ ನಂತರ ಹೊಯ್ಸಳರ ಕಾಲದವರೂ ಈ ಕಲ್ಲನ್ನು ನೆಚ್ಚಿಕೊಂಡದ್ದು ಅದಕ್ಕೇ. ಮರದ ಬುಗುರಿ ಕಡೆದ ಹಾಗೆ ಕಂಬವನ್ನು ತಿರುಗಿಸಿ ಕಡೆಯಬಹುದು. ನಮ್ಮ ನವರಂಗದ ನಾಲ್ಕು ಕಂಬಗಳ ಮೈಮೇಲೆ ಕೈಯಾಡಿಸಿದರೆ ಬಳೆ ಬಳೆಯಾಗಿ ಗೆರೆ ಸಿಗುತ್ತದೆ. ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋದವರಿಗೆ ಈ ಕೆಲಸದ ತುತ್ತತುದಿ ಗೊತ್ತು. ಎರಡನೇ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಸ್ಥಾನದ ಕಂಬಗಳಲ್ಲಿ ಇವತ್ತಿಗೂ ಹೊಳಪಿದೆ. ನಮ್ಮದು ಅದರ ಮುಂದೆ ಬಡವರ ಮನೆ. ಆದರೆ ಕೈ ಅದೇ ಪರಂಪರೆಯದು.

ನವರಂಗದ ಮೇಲೆ ಒಂಬತ್ತು ಅಂಕಣ, ಒಂಬತ್ತು ಭುವನೇಶ್ವರಿ, ಅಂದರೆ ಕಲ್ಲಿನ ಒಳಮಾಡು. ನಡುವಿನದು ದೊಡ್ಡದು. ಅದನ್ನು ಕಟ್ಟಿರುವ ಬಗೆಯನ್ನು ನಾನು ಅಂಗಾತ ಮಲಗಿ ಎಷ್ಟೋ ಹೊತ್ತು ನೋಡಿದ್ದೇನೆ. ನಾಲ್ಕು ತೊಲೆಗಳ ಚೌಕ. ಚೌಕದ ನಾಲ್ಕು ಮೂಲೆಗೆ ಅಡ್ಡಲಾಗಿ ನಾಲ್ಕು ಮುಮ್ಮೂಲೆ ಕಲ್ಲು. ಆಗ ಒಳಗೆ ಓರೆಯಾದ ಸಣ್ಣ ಚೌಕ ಉಳಿಯುತ್ತದೆ. ಅದರ ಮೂಲೆಗಳಿಗೆ ಮತ್ತೆ ನಾಲ್ಕು ಕಲ್ಲು, ಇನ್ನೂ ಸಣ್ಣ ಚೌಕ. ಕೊನೆಗೆ ಉಳಿದ ಕಿಂಡಿಯನ್ನು ತಾವರೆ ಕೆತ್ತಿದ ಒಂದೇ ಕಲ್ಲು ಮುಚ್ಚುತ್ತದೆ. ನಾಲ್ಕು, ನಾಲ್ಕು, ಒಂದು. ಒಟ್ಟು ಒಂಬತ್ತು ಕಲ್ಲಲ್ಲಿ ಅಷ್ಟಗಲ ಜಾಗ ಮುಚ್ಚಿದ್ದಾರೆ. ಉದ್ದದ ಕಲ್ಲು ಸಿಗದಿದ್ದರೂ ನಡೆಯುತ್ತದೆ.

ಈ ಕಲ್ಲುಗಳ ನಡುವೆ ಗಾರೆ ಇಲ್ಲ. ಕಲ್ಲಿನ ಮೇಲೆ ಕಲ್ಲು ಕೂತಿದೆ. ಕೆಲವು ಕಡೆ ಗೂಟ, ಕುಳಿ. ಎಲ್ಲವನ್ನೂ ಹಿಡಿದಿರುವುದು ಭಾರ. ಅಂದಮೇಲೆ ಸಂದುಗಳು ಬಾಯಿ ತೆರೆದೇ ಇವೆ. ಕಲ್ಲಿನ ಗುಡಿ ಅಂದರೆ ನೀರು ಇಳಿಯದ ಗುಡಿ ಅಂತ ನಾವು ತಿಳಿಯುತ್ತೇವೆ. ಅದು ತಪ್ಪು. ನೀರನ್ನು ತಡೆಯುವುದು ಕಲ್ಲಲ್ಲ. ಕಲ್ಲಿನ ಮೇಲೆ ಇಳಿಜಾರಾಗಿ ಹಾಸಿದ ಇಟ್ಟಿಗೆ ಚೂರು, ಸುಣ್ಣದ ಗಾರೆ. ಆ ನೀರನ್ನು ಹೊರಗೆ ಎಸೆಯುವುದು ಅಂಚಿನ ಕಲ್ಲಿನ ನಾಳ. ಗೋಡೆಯಿಂದ ದೂರ ಬೀಳಿಸುವುದು ಮುಂದಕ್ಕೆ ಚಾಚಿದ ಕಲ್ಲಿನ ಸೂರು, ಅಂದರೆ ಲೋವೆ. ಪ್ರವಾಸಿಗರು ಮದನಿಕೆ ನೋಡುತ್ತಾರೆ. ನಾನು ಈಗ ಎಲ್ಲಿ ಹೋದರೂ ಮೊದಲು ಲೋವೆ ನೋಡುತ್ತೇನೆ.

ಮೇಲೆ ಹತ್ತಿದ್ದು

ಎಸ್ಟಿಮೇಟ್‌ಗೆ ಅಂತ ಬೇಸಿಗೆಯಲ್ಲಿ ಹತ್ತಿ ಅಳತೆ ತೆಗೆದೆ. ಮೇಲೆ ಸಿಮೆಂಟ್ ಕಾಂಕ್ರೀಟ್ ಇತ್ತು. 1990ರ ದಶಕದಲ್ಲಿ ಊರವರೇ ಚಂದಾ ಎತ್ತಿ ಹಾಕಿಸಿದ್ದು. ಅಲ್ಲಲ್ಲಿ ಕೂದಲೆಳೆಯಂಥ ಬಿರುಕು. ಅಷ್ಟೇ, ಇದಕ್ಕೊಂದು ಕೋಟ್ ಸಾಕು ಅನ್ನಿಸಿತು. ಹಾಕಿಸಿದೆವು. ಮುಂದಿನ ಆರಿದ್ರೆಯಲ್ಲಿ ನೀರು ಅದೇ ನಾಲ್ಕನೇ ದಿನ ಬಿತ್ತು. ಒಂದಲ್ಲ, ಎರಡು ಕಡೆ.

ಆಗ ದೊಡ್ಡಪ್ಪ ನನ್ನನ್ನು ಬೈಯಲಿಲ್ಲ. "ಸಿಮೆಂಟ್ ಹಾಕಿದ್ ಮೇಲೂ ಬರ್ತದೆ ಅಂದ್ರೆ ನೀರು ಎಲ್ಲಿಂದ ಬರ್ತದೆ ಅಂತ ಯಾರೂ ನೋಡೇ ಇಲ್ಲ, ಅಲ್ವನಾ" ಅಂದರು. ಹೌದು. ಯಾರೂ ಮಳೆಯಲ್ಲಿ ಹತ್ತಿ ನೋಡಿರಲಿಲ್ಲ.

ಪುನರ್ವಸು ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಹತ್ತಿದೆ. ಕೆಳಗೆ ಇನ್ನೊಬ್ಬ ಹುಡುಗ ಸೀಮೆಸುಣ್ಣ ಹಿಡಿದು ಒದ್ದೆಯಾದ ಕಲ್ಲಿಗೆಲ್ಲ ಗುರುತು ಹಾಕುತ್ತಿದ್ದ. ಮೂರು ದಿನ ಹೀಗೆ ಮಾಡಿದೆವು. ಮೇಲೆ ಕಂಡದ್ದು ಒಂದು ಸಣ್ಣ ಕೆರೆ. ಸಿಮೆಂಟನ್ನು ಸಪಾಟಾಗಿ ಹಾಕಿದ್ದರು. ಹಳೆಯ ಇಳಿಜಾರು ಮುಚ್ಚಿಹೋಗಿತ್ತು. ಅಂಚಿನಲ್ಲಿದ್ದ ನಾಲ್ಕು ಕಲ್ಲಿನ ನಾಳಗಳ ಬಾಯಿಗೂ ಕಾಂಕ್ರೀಟ್ ತುಂಬಿತ್ತು. ನೀರು ಹೋಗಲು ದಾರಿಯೇ ಇರಲಿಲ್ಲ. ಶಿಖರದ ಬುಡ ನವರಂಗದ ಮಾಡಿಗೆ ಸೇರುವ ಕಡೆ ಒಂದು ಅರಳಿ ಗಿಡ. ಅದರ ಬೇರು ಸಂದನ್ನು ಬೆರಳಗಲ ಹಿಗ್ಗಿಸಿತ್ತು. ನಿಂತ ನೀರು ಅಲ್ಲಿ ಇಳಿದು, ಸಿಮೆಂಟಿಗೂ ಕಲ್ಲಿಗೂ ನಡುವೆ ಹರಡಿ, ನಿಧಾನ ತುಂಬಿಕೊಂಡು, ಆರೇಳು ಅಡಿ ಆಚೆ ನಂದಿಯ ನೆತ್ತಿಯ ಸಂದು ಸಿಕ್ಕಿದಾಗ ಕೆಳಗೆ ಬೀಳುತ್ತಿತ್ತು. ತುಂಬಲು ನಾಲ್ಕು ದಿನ. ಖಾಲಿಯಾಗಲು ಮೂರು ದಿನ.

ಸಿಮೆಂಟ್ ಕೆಟ್ಟ ವಸ್ತು ಅಂತ ನಾನು ಹೇಳುವುದಿಲ್ಲ. ನನ್ನ ಅನ್ನ ಅದರಲ್ಲೇ ಇದೆ. ಆದರೆ ಇಲ್ಲಿ ಅದು ಒಗ್ಗದ ವಸ್ತು. ಹಗಲು ಬಿಸಿಲಿಗೆ, ರಾತ್ರಿ ತಂಪಿಗೆ ಕಲ್ಲು ಒಂದು ಲೆಕ್ಕದಲ್ಲಿ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಇನ್ನೊಂದು ಲೆಕ್ಕದಲ್ಲಿ. ಸಿಮೆಂಟಿಗೆ ಬಳುಕು ಇಲ್ಲ, ಬಿರುಕು ಬಿಡುತ್ತದೆ. ಬಿರುಕಲ್ಲಿ ಇಳಿದ ನೀರು ಆವಿಯಾಗಿ ಹೊರಗೆ ಬರಲು ಅದು ಬಿಡುವುದಿಲ್ಲ. ಜೊತೆಗೆ ಭಾರ. 4 ಇಂಚು ಕಾಂಕ್ರೀಟು ಚದರ ಮೀಟರಿಗೆ ಸುಮಾರು 240 ಕೆಜಿ ತೂಗುತ್ತದೆ. ನಮ್ಮ ನವರಂಗ 20 ಅಡಿ ಚೌಕ. ಅಲ್ಲಿಗೆ ಹತ್ತಿರ ಹತ್ತಿರ 9 ಟನ್. ಹಳೆಯ ಗಾರೆಯನ್ನು ತೆಗೆಯದೆ ಅದರ ಮೇಲೇ ಇಷ್ಟನ್ನು ಹೇರಿದ್ದರು. ಆ ಒಂಬತ್ತು ಕಲ್ಲಿನ ಭುವನೇಶ್ವರಿ ಅದನ್ನು ಸುಮ್ನೆ ಹೊತ್ತುಕೊಂಡು ನಿಂತಿತ್ತು. ಮೇಲಿಂದ ನಾನೂ ಒಂದು ಕೋಟ್ ಹೇರಿದ್ದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸಮಿತಿಯ ಜೀಪು ಪ್ರಯಾಣ

ಸಮಿತಿಯಲ್ಲಿ ಮೂರು ಮಾತು ಬಂತು. ಕೆಲವರಿಗೆ ಮೇಲೆ ಕಬ್ಬಿಣದ ಪೈಪ್ ನಿಲ್ಲಿಸಿ ಶೀಟ್ ಹೊದಿಸಬೇಕು. ಕೆಲವು ಹುಡುಗರಿಗೆ ಗುಡಿ ಬಿಚ್ಚಿ ಆರ್‌ಸಿಸಿ ಗುಡಿ ಕಟ್ಟಿ, ಟೈಲ್ಸ್ ಹಾಕಬೇಕು. ನನಗೆ ಸಿಮೆಂಟ್ ತೆಗೆದು ಗಾರೆ ಹಾಕಬೇಕು. ನಮ್ಮನ್ನು ತಡೆಯುವವರೂ ಯಾರಿಲ್ಲ. ಗುಡಿ ಕೇಂದ್ರದ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿಲ್ಲ, ರಾಜ್ಯದ ಪಟ್ಟಿಯಲ್ಲೂ ಇಲ್ಲ. ಮುಜರಾಯಿಯ ಸಿ ವರ್ಗದ್ದು, ಅಂದರೆ ವರ್ಷದ ಆದಾಯ 5 ಲಕ್ಷದೊಳಗಿನ ಸಾಲಿನದು. ಪೂಜೆಗೆ ಅಂತ ಸರ್ಕಾರದಿಂದ ಬರುವ ತಸ್ತೀಕು ಹಣ ಎಣ್ಣೆ ಬತ್ತಿಗೆ, ನೈವೇದ್ಯಕ್ಕೆ ಆಗುತ್ತದೆ.

ಮಾತಲ್ಲಿ ಬಗೆಹರಿಯುವುದಿಲ್ಲ ಅಂತ ಒಂದು ಭಾನುವಾರ, ಮಳೆಯಲ್ಲೇ, ಜೀಪ್ ಮಾಡಿಕೊಂಡು ಏಳು ಜನ ಹೊರಟೆವು. ಮೊದಲು ಇಕ್ಕೇರಿ. ಕೆಳದಿ ನಾಯಕರ ಅಘೋರೇಶ್ವರ ದೇವಸ್ಥಾನ ನಮ್ಮದಕ್ಕಿಂತ ಮೂರು ನಾಲ್ಕು ಶತಮಾನ ಈಚಿನದು. ಗಟ್ಟಿ ಕಲ್ಲಿನ ದೊಡ್ಡ ಕಟ್ಟಡ. ನಂದಿಗೇ ಬೇರೆ ಮಂಟಪ. ಒಳಗೆ ನೆಲದ ಮೇಲೆ, ಭಕ್ತರು ಕಾಲಿಡುವ ಜಾಗದಲ್ಲೇ, ಅಡ್ಡಬಿದ್ದ ಮೂವರು ನಾಯಕರ ಚಿತ್ರ ಕೆತ್ತಿದೆ. ಆಳಿದವರೇ ಹಾಗೆ ಮಲಗಿರುವುದನ್ನು ನೋಡಿ ದೊಡ್ಡಪ್ಪ ಚಪ್ಪಲಿ ಬಿಟ್ಟ ಕಾಲನ್ನೂ ಎತ್ತಿ ಆಚೆ ಇಟ್ಟರು. ಆಮೇಲೆ ಹೊರಗೆ ಬಂದು ಮೇಲೆ ನೋಡುತ್ತ ನಿಂತರು. ಲೋವೆಯಿಂದ ನೀರು ಗೋಡೆಗೆ ತಾಗದೆ ದೂರ ಬೀಳುತ್ತಿತ್ತು.

ಕೆಳದಿಯಲ್ಲಿ ರಾಮೇಶ್ವರನ ಗುಡಿಯ ಮುಂದೆ ಮರದ ಕಂಬ, ಇಳಿಜಾರು ಹಂಚಿನ ಮಾಡು. ಥೇಟ್ ನಮ್ಮ ಮಲೆನಾಡಿನ ಮನೆ. ಶೀಟ್ ಹಾಕಬೇಕು ಅಂದವರಿಗೆ ಅದು ಬಲ ಕೊಟ್ಟಿತು. ಅವರ ಮಾತಲ್ಲಿ ಸತ್ಯವೂ ಇದೆ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಮೂರು ತಿಂಗಳು ಬಿಡುವಿಲ್ಲ. ಮಾಡಿನ ಮೇಲೊಂದು ಮಾಡು ಈ ಸೀಮೆಗೆ ಹೊಸದಲ್ಲ. ಆದರೆ ಕೆಳದಿಯ ಹಂಚಿನ ಮಾಡನ್ನು ಗುಡಿಯ ಜೊತೆ ಯೋಚಿಸಿ ಕಟ್ಟಿದ್ದಾರೆ. ನಾವು ಹಾಕಲು ಹೊರಟದ್ದು ಜಗತಿಯ, ಅಂದರೆ ಗುಡಿ ನಿಂತಿರುವ ಕಟ್ಟೆಯ, ಕಲ್ಲಿಗೆ ಡ್ರಿಲ್ ಮಾಡಿ ನಿಲ್ಲಿಸುವ ಪೈಪು. ಆ ಶೀಟಿನ ನೀರೆಲ್ಲ ಬೀಳುವುದು ಪಾಯದ ಪಕ್ಕಕ್ಕೆ. ತುರ್ತಿಗೆ ಒಂದು ಮಳೆಗಾಲ ಟಾರ್ಪಾಲು ಕಟ್ಟಿದರೆ ಅದು ಬೇರೆ ಮಾತು.

ಬಳ್ಳಿಗಾವಿಗೆ ಹೋಗುವಾಗ ಸಂಜೆಯಾಗಿತ್ತು. ಒಂದು ಕಾಲಕ್ಕೆ ಬನವಾಸಿ 12000 ಅನ್ನುವ ಪ್ರಾಂತ್ಯದ ರಾಜಧಾನಿ. ಅಲ್ಲಮನ ಊರು. ಕೇದಾರೇಶ್ವರನ ಮೂರು ಶಿಖರ ಮಳೆಯಲ್ಲಿ ಕಪ್ಪಗೆ ಮಿನುಗುತ್ತಿದ್ದವು. ಅದೇ ಬಳಪದ ಕಲ್ಲು. ಇಲ್ಲಿದ್ದ ಕೋಡಿಯ ಮಠದ ಬಗ್ಗೆ 1162ರ ಶಾಸನ ಹೇಳುವುದನ್ನು ನಾನು ಎಲ್ಲರಿಗೂ ಹೇಳಿದೆ. ಅಲ್ಲಿ ವೇದ, ವ್ಯಾಕರಣ ಓದಿಸುತ್ತಿದ್ದರು, ಬಡವರಿಗೆ ಊಟ ಹಾಕುತ್ತಿದ್ದರು, ರೋಗಿಗಳಿಗೆ ಮದ್ದು ಕೊಡುತ್ತಿದ್ದರು. ಆರ್‌ಸಿಸಿ ಅಂದಿದ್ದ ಹುಡುಗನೊಬ್ಬ ನವರಂಗದೊಳಗೆ ಹೋಗಿ ಬಂದು, "ಅಣ್ಣಾ, ನಮ್ ಗುಡಿ ಕಂಬನೂ ಹಿಂಗೇ ಇದಾವಲ್ಲ" ಅಂದ. ಅಲ್ಲಿಗೆ ಗುಡಿ ಬಿಚ್ಚುವ ಮಾತು ಮುಗಿಯಿತು.

ಕಲ್ಲು ಹೇಳಿದ್ದು

ಉಳಿದದ್ದು ದುಡ್ಡಿನ ಪ್ರಶ್ನೆ. ಗಾರೆ ಕೆಲಸಕ್ಕೆ ಕೂಲಿ ಜಾಸ್ತಿ, ದಿನ ಜಾಸ್ತಿ. ಇಷ್ಟು ಚಂದಾ ಎತ್ತುವುದು ಕಷ್ಟ ಅಂತ ಎಲ್ಲರೂ ಸುಮ್ಮನಾದರು.

ಗುಡಿಯ ಅಂಗಳದಲ್ಲಿ ಒಂದು ಶಾಸನದ ಕಲ್ಲಿದೆ. ಮೇಲೆ ನಡುವೆ ಲಿಂಗ, ಒಂದು ಕಡೆ ಹಸು ಕರು, ತುದಿಯಲ್ಲಿ ಸೂರ್ಯ ಚಂದ್ರ. ಕೆಳಗಿನ ಅರ್ಧ ಮಣ್ಣಲ್ಲಿ ಹೂತಿತ್ತು. ನಮ್ಮೂರಲ್ಲಿ ನಿವೃತ್ತರಾದ ಕನ್ನಡ ಮೇಷ್ಟರೊಬ್ಬರಿದ್ದಾರೆ. ಸಾಗರ, ಸೊರಬ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 8ನೇ ಸಂಪುಟದಲ್ಲಿ 1904ರಲ್ಲೇ ಅಚ್ಚು ಹಾಕಿಸಿದ್ದಾರೆ. ಮೇಷ್ಟರು ಆ ಅಕ್ಷರಗಳ ರೂಢಿ ಮಾಡಿಕೊಂಡವರು. ಮಣ್ಣು ತೆಗೆಸಿ, ಕಲ್ಲಿಗೆ ಹಿಟ್ಟು ಸವರದೆ, ಬರೀ ನೀರು ಚಿಮುಕಿಸಿ ಓರೆ ಬೆಳಕಲ್ಲಿ ಓದಿದರು. ದೇವರ ಅಂಗಭೋಗಕ್ಕಂ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕಂ ಅಂತ ಹಿರಿಯ ಕೆರೆಯ ಕೆಳಗಣ ಗದ್ದೆಯನ್ನು ಧಾರೆ ಎರೆದು ಕೊಟ್ಟಿದ್ದಾರೆ.

ಅಂಗಭೋಗ ಅಂದರೆ ಪೂಜೆ, ಅಲಂಕಾರ. ಖಂಡ ಅಂದರೆ ಮುರಿದದ್ದು. ಸ್ಫುಟಿತ ಅಂದರೆ ಬಿರುಕು ಬಿಟ್ಟದ್ದು. ಈ ಮಾತು ನಮ್ಮೂರಿಗೇ ಬಂದದ್ದಲ್ಲ. ಕರ್ನಾಟಕದ ಎಷ್ಟೋ ದಾನಶಾಸನಗಳಲ್ಲಿ ಬರುತ್ತದೆ. ಎಲ್ಲ ಕಡೆ ಬರುತ್ತದೆ ಅನ್ನುವುದೇ ನನಗೆ ದೊಡ್ಡ ಸಂಗತಿಯಾಗಿ ಕಂಡಿತು. ಕಟ್ಟಿದವರಿಗೆ ಗುಡಿ ಒಡೆಯುತ್ತದೆ, ಸೋರುತ್ತದೆ ಅಂತ ಕಟ್ಟುವ ದಿನವೇ ಗೊತ್ತಿತ್ತು. ದೀಪಕ್ಕೆ ಎಣ್ಣೆ ಇಟ್ಟ ಹಾಗೇ ಬಿರುಕಿಗೆ ಗದ್ದೆ ಇಟ್ಟಿದ್ದರು. ಆ ಗದ್ದೆಯೂ ಗುಡಿಯ ಕಟ್ಟಡದ ಒಂದು ಭಾಗ. ಲೋವೆ ಇದ್ದ ಹಾಗೆ, ನಾಳ ಇದ್ದ ಹಾಗೆ.

ಆ ಗದ್ದೆ ಈಗ ಗುಡಿಯದ್ದಲ್ಲ. 1955ರ ಇನಾಂ ರದ್ದತಿ ಕಾಯ್ದೆ, ಆಮೇಲೆ 1974ರ ಭೂಸುಧಾರಣೆ ಬಂದು ಇಂಥ ಭೂಮಿ ಉಳುವವರ ಕೈಗೆ ಹೋಯಿತು. ಅದು ಆಗಲೇಬೇಕಿತ್ತು. ಇದು 1951ರಲ್ಲಿ ಗೇಣಿ ರೈತರ ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕು. ಉಳುವವನಿಗೆ ಭೂಮಿ ಅನ್ನುವುದರ ಬೆಲೆ ನಮ್ಮ ಮನೆಗಳಿಗೆ ಗೊತ್ತು. ಆದರೆ ಗದ್ದೆ ಹೋದಾಗ ಗುಡಿಯ ದುರಸ್ತಿಯ ಗಂಟೂ ಹೋಯಿತು. ಅದಕ್ಕೆ ಬದಲು ಏನು ಅಂತ ಯಾರೂ ಯೋಚಿಸಲಿಲ್ಲ.

ಮೇಷ್ಟರು ಓದಿ ಮುಗಿಸಿದ ಮೇಲೆ ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. "ಹಿರೇಕೆರೆ ಕೆಳಗಿನ ಗದ್ದೆ ನಾವೇ ಉಣ್ತಾ ಇರೋದು ಮೇಷ್ಟ್ರೇ" ಅಂದರು. ಹೌದು. ನಮ್ಮ ಅಜ್ಜ ಅದಕ್ಕೆ ಗೇಣಿದಾರರಾಗಿದ್ದರು. ನಮ್ಮ ಮನೆ, ಪಕ್ಕದ ಎರಡು ಮನೆ. ಆ ಮೂರು ಮನೆಯವರು ಆ ವರ್ಷದ ಭತ್ತದಲ್ಲಿ ಒಂದು ಪಾಲು ಗುಡಿಗೆ ಇಟ್ಟರು. ಯಾರೂ ಕೇಳಿರಲಿಲ್ಲ. ಅದನ್ನು ನೋಡಿ ಅಡಿಕೆ ತೋಟದವರು ಸೇರಿಕೊಂಡರು. ಕೆಲಸಕ್ಕೆ ಸಾಕಾಗುವಷ್ಟಾಯಿತು.

ಮಾಗಿಯ ಕೆಲಸ

ಇಂಥ ಕೆಲಸ ಬಲ್ಲ ನಿವೃತ್ತ ಅಧಿಕಾರಿಯೊಬ್ಬರು ಬಂದು ನೋಡಿ ಎರಡು ಕಿವಿಮಾತು ಹೇಳಿದರು. ಮಿಷನ್ ಹಚ್ಚಬೇಡಿ, ನಡುಕಕ್ಕೆ ಕಲ್ಲು ಕದಲುತ್ತದೆ. ಬೇರು ಎಳೆಯಬೇಡಿ, ಅದರ ಜೊತೆ ಕಲ್ಲೂ ಬರುತ್ತದೆ. ಹಾಗಾಗಿ ಸಿಮೆಂಟನ್ನು ಚಾಣ ಸುತ್ತಿಗೆಯಲ್ಲೇ ಚೂರು ಚೂರಾಗಿ ತೆಗೆದೆವು. ಒಂದೂವರೆ ತಿಂಗಳು ಹಿಡಿಯಿತು. ಅರಳಿ ಗಿಡಕ್ಕೆ ಕೈ ಹಾಕಲು ಕೂಲಿಯವರು ಹೆದರಿದರು. ಭಟ್ಟರು ಪೂಜೆ ಮಾಡಿ, ತುದಿಯ ಒಂದು ಕವಲನ್ನು ಬೇರಿನ ಸಮೇತ ಬಿಡಿಸಿ ಕೆರೆ ಏರಿಯ ಪಕ್ಕ ನೆಡಿಸಿದರು. ಆಮೇಲೆ ಉಳಿದದ್ದನ್ನು ಕೊಯ್ದೆವು. ಸಂದಿನೊಳಗಿನ ಬೇರನ್ನು ಅಲ್ಲೇ ಸಾಯಲು ಬಿಟ್ಟು, ಒಣಗಿದ ಮೇಲೆ ಬಿಡಿಸಿದೆವು.

ಗಾರೆ ಮಾಡಲು ಗೊತ್ತಿದ್ದವರು ಪಕ್ಕದೂರಿನ ಒಬ್ಬ ಅಜ್ಜ. ಸುಣ್ಣದ ಕಲ್ಲನ್ನು ಗುಂಡಿಯಲ್ಲಿ ಅರಳಿಸಿ ಒಂದು ತಿಂಗಳು ನೀರಲ್ಲೇ ಬಿಟ್ಟರು. ಇಟ್ಟಿಗೆ ಪುಡಿಯ ಸುರ್ಕಿ, ಮರಳು, ಇಟ್ಟಿಗೆ ಚೂರು ಸೇರಿಸಿದರು. ಅಳಲೆಕಾಯಿ ಕೊಳೆಹಾಕಿದ ನೀರಿಗೆ ಬೆಲ್ಲ ಕರಗಿಸಿ ಅದನ್ನೇ ಕಲಸಲು ಬಳಸಿದರು. ಹಾಸಿದ ಮೇಲೆ ಎಂಟು ಜನ ಸಾಲಾಗಿ ಕೂತು ಮರದ ಕೊಡತಿಯಲ್ಲಿ ಬಡಿದದ್ದೇ ಬಡಿದದ್ದು. ಕೊಡತಿ ಪುಟಿದು ವಾಪಸ್ ಬರುವವರೆಗೆ ನಿಲ್ಲಿಸಬೇಡಿ ಅಂತ ಅಜ್ಜನ ಲೆಕ್ಕ. ಮೂರನೇ ದಿನ ಅದು ನಿಜವಾಗಿ ಪುಟಿಯಿತು! ಹತ್ತಡಿಗೆ ಎರಡು ಇಂಚು ಇಳಿಜಾರು ಕೊಟ್ಟೆವು. ನಾಳಗಳ ಬಾಯಿ ಬಿಡಿಸಿದೆವು. ಮೂರು ವಾರ ಒದ್ದೆ ಗೋಣಿ ಹೊದಿಸಿದೆವು.

ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ, ವರ್ಷಗಟ್ಟಲೆ ನಿಧಾನವಾಗಿ. ಸಣ್ಣ ಬಿರುಕು ಬಿದ್ದರೆ ನೀರಲ್ಲಿ ಕರಗಿದ ಸುಣ್ಣವೇ ಅಲ್ಲಿ ಮತ್ತೆ ಕೂತು ಮುಚ್ಚುತ್ತದೆ. ಒಳಗಿನ ತೇವ ಹೊರಗೆ ಹೋಗಲು ಬಿಡುತ್ತದೆ. ನಾನು ಕಾಲೇಜಲ್ಲಿ ಇದನ್ನು ಒಂದು ಪುಟದಲ್ಲಿ ಓದಿ ಮರೆತಿದ್ದೆ.

ಈಗ

ಮುಂದಿನ ಆರಿದ್ರೆಯಲ್ಲಿ ನಾಲ್ಕನೇ ದಿನ ಎಲ್ಲರೂ ನವರಂಗದಲ್ಲಿ ಮೇಲೆ ನೋಡುತ್ತ ಕೂತಿದ್ದೆವು. ನಂದಿಯ ಬೆನ್ನು ಒಣಗಿತ್ತು. ಐದನೇ ದಿನವೂ, ಪುಷ್ಯ ಮಳೆಯಲ್ಲೂ. ಈಶಾನ್ಯ ಮೂಲೆಯ ಭುವನೇಶ್ವರಿಯಲ್ಲಿ ಮಾತ್ರ ಒಂದು ಕಡೆ ತೇವ ಕಂಡಿತು. ಅಲ್ಲಿ ಗಾರೆ ಸರಿಯಾಗಿ ಬಡಿದಿರಲಿಲ್ಲ. ಮಾಗಿಯಲ್ಲಿ ಅಷ್ಟನ್ನು ತೆಗೆದು ಮತ್ತೆ ಹಾಕಿದೆವು. ಈಗ ರೋಹಿಣಿ ಮಳೆ ಬೀಳುವ ಮೊದಲು ಇಬ್ಬರು ಹತ್ತಿ ನಾಳ ಕ್ಲೀನ್ ಮಾಡಿ, ಮೊಳಕೆ ಕಿತ್ತು ಬರುತ್ತಾರೆ. ಅರ್ಧ ದಿನದ ಕೆಲಸ.

ಕೆಳಗಿನ ನೀರು ಮಾತ್ರ ಹಾಗೇ ಇದೆ. ಕೆಲವು ವರ್ಷದ ಹಿಂದೆ ಅಂಗಳಕ್ಕೆ ಮಣ್ಣು ತುಂಬಿ, ಮದುವೆ ಊಟಕ್ಕೆ ಅನುಕೂಲ ಅಂತ ಟೈಲ್ಸ್ ಹಾಕಿಸಿದ್ದರು. ಅದರಿಂದ ಜಗತಿ ಅರ್ಧ ಹೂತುಹೋಗಿದೆ. ಅಭಿಷೇಕದ ನೀರು ಹೊರಬರುವ ಗೋಮುಖ ನೆಲದ ಮಟ್ಟಕ್ಕೆ ಬಂದಿದೆ. ಗೋಡೆಯ ಬುಡದಲ್ಲಿ ಮೊಣಕಾಲೆತ್ತರ ಪಾಚಿ, ಬಿಳಿ ಉಪ್ಪು. ಅಲ್ಲಿನ ಹಂಸದ ಸಾಲು ಪುಡಿ ಪುಡಿಯಾಗುತ್ತಿದೆ. ಒಬ್ಬರು ಅದನ್ನು ಆಸಿಡ್ ಹಾಕಿ ತಿಕ್ಕಲು ಹೋಗಿದ್ದರು, ಭಟ್ಟರು ತಡೆದರು. ಬರುವ ಮಾಗಿಯಲ್ಲಿ ಉತ್ತರದ ಬದಿ ಮೂರಡಿ ಅಗಲ ಟೈಲ್ಸ್ ಎಬ್ಬಿಸಿ, ಮಣ್ಣು ತೆಗೆದು, ನೀರು ಹೋಗಲು ಕಾಲುವೆ ಮಾಡಲು ದೊಡ್ಡಪ್ಪ ಒಪ್ಪಿದ್ದಾರೆ. ಉಳಿದ ಮೂರು ಬದಿಯ ಬಗ್ಗೆ ಮಾತು ನಡೆದಿದೆ.